‘ತಡಿ’ ಅನ್ನುವ ಸಾಲು

ಆಶ್ರಮ ಅಂದ ಕೂಡಲೇ ಕಾವಿ, ಕಮಂಡಲ, ಜಿಂಕೆಮರಿ ಅಂತೆಲ್ಲ ಕಣ್ಣ ಮುಂದೆ ತಂದುಕೊಳ್ಳಬೇಡಿ. ಕಪಿಲಾ ನದಿಯ ದಡದಲ್ಲಿ ಒಂದು ಹೆಂಚಿನ ಮನೆ. ಒಳಗೆ ಹಳೇ ಕಂಪ್ಯೂಟರುಗಳು, ಹೊರಗೆ ಒಂದು ಹೊಂಗೆ ಮರ. ಅಷ್ಟೇ ಆಶ್ರಮ.

ಆ ಹೆಸರಿಟ್ಟವರು ಶಿಷ್ಯರೇ, ತಮಾಷೆಗೆ. ‘ಪುಕ್ಕಟೆ ಕಲಿಸ್ತಾರೆ, ಊಟಾನೂ ಹಾಕ್ತಾರೆ, ತಪ್ಪು ಮಾಡಿದ್ರೆ ಬೈಯಲ್ಲ, ಸುಮ್ಮನೆ ನೋಡ್ತಾರೆ. ಇದು ಆಶ್ರಮ ಅಲ್ಲದೆ ಇನ್ನೇನು?’ ಅಂದರು. ಹೆಸರು ನಿಂತುಬಿಟ್ಟಿತು.

ಗುರುವಿನ ಹೆಸರು ಸಾಕಮ್ಮ. ಮನೆಯಲ್ಲಿ ಮೇಲಿಂದ ಮೇಲೆ ಹೆಣ್ಣೇ ಹುಟ್ಟಿ, ಇವರೂ ಹೆಣ್ಣಾದಾಗ ಅವರ ತಾತ ‘ಇನ್ನು ಸಾಕಮ್ಮಾ ತಾಯಿ’ ಅಂತ ದೇವರಿಗೆ ಕೈಮುಗಿದು, ಅದನ್ನೇ ಹೆಸರು ಮಾಡಿದರಂತೆ. ಆ ಸಾಕಮ್ಮನೇ ಓದಿ, ಎಂಜಿನಿಯರಾಗಿ, ತಲೆ ನೆರೆಯುವ ತನಕ ಕಂಪ್ಯೂಟರಿನ ಮುಂದೆ ದುಡಿದು, ಆಮೇಲೆ ಈ ದಡಕ್ಕೆ ಬಂದು ಕೂತರು.

“ಎಲ್ಲರಿಗೂ ಸಾಕಾಗಿತ್ತು ಕಣೋ. ನನಗೆ ಮಾತ್ರ ಇನ್ನೂ ಸಾಕು ಅನ್ನಿಸಿಲ್ಲ ನೋಡು” ಅಂತ ನಗೋರು.

ಅಲ್ಲಿ ನಡೆಯುತ್ತಿದ್ದ ಕೆಲಸ ಏನು ಅಂದರೆ, ಮೌಸು, ಕೀಬೋರ್ಡು, ಚಿತ್ರ ಬರೆಯುವ ಹಲಗೆ, ಕಾಲಲ್ಲಿ ಒತ್ತುವ ಪೆಡಲು ಮಾಡಿ ಮಾರುವ ಕಂಪನಿಗಳಿವೆಯಲ್ಲ, ಅವು ಸಾಮಾನಿನ ಜೊತೆ ಒಂದು ಪ್ರೋಗ್ರಾಮನ್ನೂ ಕೊಡುತ್ತವೆ. ಪರದೆಯ ಮೇಲಿನ ಬಾಣ ಎಷ್ಟು ಜೋರಾಗಿ ಓಡಬೇಕು, ಯಾವ ಗುಂಡಿ ಒತ್ತಿದರೆ ಏನಾಗಬೇಕು, ಎಲ್ಲವನ್ನೂ ನಮಗೆ ಬೇಕಾದ ಹಾಗೆ ಹೊಂದಿಸಿಕೊಳ್ಳಬಹುದು. ಆದರೆ ಕಂಪ್ಯೂಟರು ನಡೆಸಲು ಲಿನಕ್ಸ್ ಅನ್ನುವ ಪುಕ್ಕಟೆ ವ್ಯವಸ್ಥೆ ಬಳಸುವವರನ್ನು ಕೇಳುವವರಿಲ್ಲ. ಹೆಚ್ಚಿನ ಕಂಪನಿಗಳು ಅವರ ಕಡೆ ತಿರುಗಿಯೂ ನೋಡುವುದಿಲ್ಲ.

ಅದಕ್ಕೇ ಲಿನಕ್ಸಿನವರು ಅವರವರ ಮೌಸಿಗೆ ಅವರವರೇ ಪುಟ್ಟ ಪುಟ್ಟ ಪ್ರೋಗ್ರಾಮು ಬರೆದುಕೊಳ್ಳುತ್ತಿದ್ದರು. ಮನೆಗೊಂದು ಬಾವಿ, ಯಾವುದರಲ್ಲೂ ನೀರು ಸಾಲದು.

“ಎಲ್ಲರೂ ಸೇರಿ ಒಂದು ಕೆರೆ ತೋಡೋಣ” ಅಂದರು ಸಾಕಮ್ಮ.

ಆ ಕೆರೆಗೇ ಲೈಬ್ರರಿ ಅಂತಾರೆ. ಪುಸ್ತಕದ್ದಲ್ಲ. ಎಲ್ಲ ಪ್ರೋಗ್ರಾಮುಗಳೂ ಬಂದು ಮೊಗೆದುಕೊಂಡು ಹೋಗಬಹುದಾದ ಒಂದು ಪ್ರೋಗ್ರಾಮು. ಅದಕ್ಕೆ ಮುಚ್ಚುಮರೆ ಇಲ್ಲ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಸಾಕಮ್ಮ ಅದಕ್ಕೆ ‘ಕೈಗೂಡು’ ಅಂತ ಹೆಸರಿಟ್ಟರು.

ಆದರೆ ಯಾರೋ ಬಂದು ಏನೋ ಸುರಿದು ಹೋದರೆ ಕೆರೆ ಕೆಡುತ್ತದಲ್ಲ? ಹಾಗಾಗಿ ಹೊರಗಿನಿಂದ ಬಂದ ತಿದ್ದುಪಡಿಯನ್ನು ಮೊದಲು ಶಿಷ್ಯ ಇಂದುಧರ ನೋಡಬೇಕು. ಅವನು ಸರಿ ಅಂದದ್ದನ್ನು ಸಾಕಮ್ಮ ತಮ್ಮ ಗುಟ್ಟಿನ ಪದ ಹಾಕಿ ಸೇರಿಸಬೇಕು. ಆ ಗುಟ್ಟಿನ ಪದಕ್ಕೆ ಆಶ್ರಮದಲ್ಲಿ ‘ಬೀಗದಕೈ’ ಅನ್ನುತ್ತಿದ್ದರು.

“ಈ ಯುಗಾದಿ ಕಳೀಲಿ, ಬೀಗದಕೈ ಇನ್ನೊಬ್ಬರಿಗೆ ಕೊಟ್ಟುಬಿಡ್ತೀನಿ” ಅಂತ ಸಾಕಮ್ಮ ಒಂದು ಸಲ ಅಂದರು.

ಇಂದುಧರನಿಗೆ ಅವತ್ತಿನಿಂದ ನಿದ್ದೆಯಲ್ಲೂ ಅದೇ. ಅವನು ಅದನ್ನು ಬಯಸಿದಷ್ಟು ಬೇರೇನನ್ನೂ ಬಯಸಿದವನಲ್ಲ. ಬಯಸಿದರೆ ತಪ್ಪೂ ಅಲ್ಲ ಬಿಡಿ, ಆ ಲೈಬ್ರರಿಯ ಅರ್ಧಕ್ಕರ್ಧ ಅವನೇ ಬರೆದದ್ದು. ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದ. ಆದರೆ ಮುತ್ತು ಪೋಣಿಸುವವನಿಗೆ ಸೊಟ್ಟ ಮುತ್ತು ಕಂಡರೆ ಆಗುವುದಿಲ್ಲ ನೋಡಿ.

ಒಂದು ದಿನ ಹಳೆಯದನ್ನೆಲ್ಲ ಓದುತ್ತಾ ಒಂದು ಸಾಲಿನ ಹತ್ತಿರ ಅವನು ನಿಂತ. ಯಾವ ಸಾಮಾನಿಗೇ ಆಗಲಿ, ಒಂದು ಆಜ್ಞೆ ಕಳಿಸಿದ ಮೇಲೆ ಚೂರು ಹೊತ್ತು ಕಾದು ಇನ್ನೊಂದು ಕಳಿಸುವ ಹಾಗೆ ಗುರು ಬರೆದಿದ್ದರು. ಆ ಸಾಲಿಗೆ ಅವರಿಟ್ಟ ಹೆಸರು ‘ತಡಿ’.

“ಮೇಡಂ, ಈ ‘ತಡಿ’ ಯಾಕೆ?”

ಸಾಕಮ್ಮ ಕನ್ನಡಕ ಏರಿಸಿ ನೋಡಿದರು. “ಯಾಕೋ ಹಾಕಿದ್ದೆ ಕಣೋ. ನೆನಪಿಲ್ಲ.”

“ಯಾವುದೋ ಒಂದು ಮೌಸಿಗೆ ಬೇಕಾಗಿತ್ತೇನೋ. ಅದಕ್ಕೋಸ್ಕರ ಎಲ್ಲ ಸಾಮಾನೂ ಕಾಯ್ತಾ ಕೂರಬೇಕಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು.”

“ತೆಗೀಬೇಕು ಅಂತೀಯಾ?”

“ಯಾಕೆ ಕಾಯಬೇಕು ಅಂತ ಎಲ್ಲೂ ಬರೆದಿಲ್ಲ ಮೇಡಂ. ಕಾರಣ ಬರೆಯದ ಸಾಲು ಇರಬಾರದು ಅಂತ ನೀವೇ ಹೇಳಿಕೊಟ್ಟಿದ್ದು.”

“ನಾನೇ ಹೇಳಿದ್ದಾ? ಹಾಗಾದ್ರೆ ತೆಗೆಯಪ್ಪಾ.”

ತೆಗೆದ. ಸಾಕಮ್ಮ ಬೀಗದಕೈ ಹಾಕಿ ಸೇರಿಸಿದರು. ಕೈಗೂಡು ಚುರುಕಾಯಿತು. ಎಲ್ಲೆಲ್ಲಿಂದಲೋ ‘ಭೇಷ್’ ಅಂತ ಬರೆದರು. ಇಂದುಧರನ ಕಾಲು ನೆಲದ ಮೇಲಿರಲಿಲ್ಲ.

ಸ್ವಲ್ಪ ದಿನಕ್ಕೆ ಕೋಲಾರದ ಕಡೆಯ ಒಬ್ಬ ಹುಡುಗಿಯಿಂದ ಒಂದು ತಿದ್ದುಪಡಿ ಬಂತು. ಹೆಸರು ಸಲೋಮಿ.

‘ಅಣ್ಣ, ನಮ್ಮಪ್ಪಂಗೆ ಕೈ ನಡುಕ. ದಪ್ಪಗುಂಡಿಯ ಹಳೇ ಮೌಸು ಬಳಸ್ತಾರೆ. ಬಾಣ ನಿಧಾನಕ್ಕೆ ಹೋಗಲಿ ಅಂತ ಹೊಂದಿಸಿದ್ವಿ. ನಿಮ್ಮ ಹೊಸ ಕೈಗೂಡು ಹಾಕಿದ ಮೇಲೆ ಮೌಸು ಅದನ್ನ ಮರೆತುಬಿಡುತ್ತೆ. ಅಪ್ಪ ಸ್ನೇಹಿತರ ಜೊತೆ ಕಂಪ್ಯೂಟರಲ್ಲಿ ಚದುರಂಗ ಆಡ್ತಾರೆ. ಕುದುರೆ ಇಡೋ ಮನೇಲಿ ಇಡೋಕಾಗ್ತಿಲ್ಲ. ಆ ಮೌಸಿಗೆ ಮಾತ್ರ ಒಂದೊಂದು ಆಜ್ಞೆ ಆದಮೇಲೆ ಕಾಯಬೇಕು. ಬರೆದು ಕಳಿಸಿದ್ದೀನಿ.’

ಇಂದುಧರ ಅವಳು ಬರೆದದ್ದನ್ನು ನೋಡಿದ. ಸಾಲುಗಳು ಅಂಕುಡೊಂಕು. ಹೆಸರುಗಳು ಹೇಗೋ ಹೇಗೋ. ಮೂಗು ಮುರಿದ.

‘ಬರವಣಿಗೆಯ ಕ್ರಮ ಸರಿಯಿಲ್ಲ. ಆ ಮೌಸು ಮಾಡಿದ ಕಂಪನಿಯೇ ಮುಚ್ಚಿಹೋಗಿದೆ. ಹೊಸ ಮೌಸು ಕೊಳ್ಳಿ’ ಅಂತ ಬರೆದು ವಾಪಸು ಕಳಿಸಿದ.

ಅವಳು ತಿದ್ದಿ ಮತ್ತೆ ಕಳಿಸಿದಳು. ಇವನು ಮತ್ತೆ ವಾಪಸು ಮಾಡಿದ. ಅವಳು ಮತ್ತೂ ಕಳಿಸಿದಳು. ಆಗಂತೂ ಅವನು ಹೆಸರು ನೋಡಿದವನೇ ಓದದೆ ಮುಚ್ಚಿದ.

ಸಾಕಮ್ಮ ಎಲ್ಲ ನೋಡುತ್ತಿದ್ದರು.

ಅವತ್ತು ಊಟಕ್ಕೆ ಕೂತಾಗ ಇಂದುಧರ ಗೊಣಗಿದ. “ನನ್ನ ಲೈಬ್ರರಿಗೆ ಕಂಡ ಕಂಡವರೆಲ್ಲ ಕೈ ಹಾಕೋಕೆ ಬರ್ತಾರೆ ಮೇಡಂ.”

“ಊರಲ್ಲಿ ಅಮ್ಮ ಹೇಗಿದ್ದಾರೋ?” ಅಂತ ಕೇಳಿದರು ಸಾಕಮ್ಮ.

“ನಮ್ಮಮ್ಮನಾ? ಚೆನ್ನಾಗಿದ್ದಾರೆ.”

“ನಿಮ್ಮಮ್ಮನಿಗೆ ಎಷ್ಟು ಜನ ಮಕ್ಕಳು?”

“ನಾನೊಬ್ಬನೇ. ನಿಮಗೆ ಗೊತ್ತಲ್ಲ.”

“ಮತ್ತೆ ‘ನನ್ನಮ್ಮ’ ಅನ್ನಬೇಕಲ್ವಾ? ‘ನಮ್ಮಮ್ಮ’ ಯಾಕೆ ಅಂದೆ?”

ಇಂದುಧರ ತಬ್ಬಿಬ್ಬಾದ. “ಎಲ್ಲರೂ ಹಾಗೇ ಅನ್ನೋದು ಮೇಡಂ.”

“ಹೆತ್ತ ತಾಯಿಯನ್ನೇ ಒಬ್ಬನೇ ಇಟ್ಕೊಳ್ಳದೆ ‘ನಮ್ಮಮ್ಮ’ ಅನ್ನೋ ಜನ ಕಣೋ ನಾವು. ಮೌಸಿನ ಲೈಬ್ರರಿ ಒಂದನ್ನ ‘ನನ್ನದು’ ಅಂತೀಯಲ್ಲ. ಸಾರು ಹಾಕ್ಕೋ.”

ಇಂದುಧರ ನಕ್ಕ. ಒಳ್ಳೇ ಮಾತು ಅಂತ ಮೆಚ್ಚಿಕೊಂಡ. ಮೆಚ್ಚಿಕೊಳ್ಳುವುದು ಬೇರೆ, ನಾಟುವುದು ಬೇರೆ. ಅದು ನಾಟಲಿಲ್ಲ.

ಆಶ್ರಮದ ಅಡುಗೆ ನಿಂಗಜ್ಜಿಯದು. ಕೈರುಚಿ ಅಮೃತ, ವಯಸ್ಸು ಮಾತ್ರ ಬಹಳ. ಮಾರನೆಯ ದಿನ ಸಾಕಮ್ಮ ಶಿಷ್ಯನನ್ನು ಕರೆದರು.

“ಅಜ್ಜಿಗೆ ಹೇಳಿ ಬಾರೋ. ನಾಳೆ ಊಟಕ್ಕೆ ನೆಂಟರು ಬರ್ತಾರೆ. ಉಪ್ಪಿಟ್ಟಿಗೆ ರವೆ ತರಿಸಬೇಕು. ಮಜ್ಜಿಗೆಗೆ ಒಗ್ಗರಣೆ ಬೇಡ.”

ಇಂದುಧರ ಅಡುಗೆಮನೆಗೆ ಹೋದ. ಅಜ್ಜಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ನೆಂಟರ ಮಾತು ಹೇಳಿದ. ಅಜ್ಜಿ ಕೈ ಒರೆಸಿಕೊಂಡು, ಒಲೆ ನೋಡಿ, ಮೇಲೆ ನೋಡಿ, ಆಮೇಲೆ “ಹ್ಞೂಂ” ಅಂದರು. ಆಗ ರವೆಯ ಮಾತು ಹೇಳಿದ. ಅದಕ್ಕೂ “ಹ್ಞೂಂ” ಬರುವ ತನಕ ಕೂತ. ಆಮೇಲೆ ಮಜ್ಜಿಗೆ.

ಸಾಕಮ್ಮ ಬಾಗಿಲಲ್ಲೇ ನಿಂತಿದ್ದರು. “ಮೂರು ಮಾತಿಗೆ ಅಷ್ಟು ಹೊತ್ತು ಯಾಕೋ?”

“ಅಜ್ಜಿಗೆ ಒಂದೊಂದೇ ಹೇಳಬೇಕು ಮೇಡಂ. ಹ್ಞೂಂ ಅನ್ನೋ ತನಕ ಕಾಯಬೇಕು. ಒಟ್ಟಿಗೆ ಹೇಳಿದ್ರೆ ಎಲ್ಲಾನೂ ಮರೆತುಬಿಡ್ತಾರೆ.”

“ಹೌದಾ? ಎಲ್ಲಿ ಬರೆದಿದೆ ಹಾಗಂತ?”

“ಬರೆದಿಲ್ಲ. ಜೊತೇಲಿ ಇದ್ದೂ ಇದ್ದೂ ಗೊತ್ತಾಗಿದ್ದು.”

“ಚುರುಕಾಗಿರೋ ಬೇರೆ ಅಜ್ಜಿ ತರಿಸೋಣವಾ?”

“ಛೆ! ಏನು ಮಾತು ಅಂತ ಆಡ್ತೀರಿ ಮೇಡಂ!” ಇಂದುಧರನಿಗೆ ನಿಜವಾಗಿ ಸಿಟ್ಟು ಬಂತು. ಒಳಗೆ ಅಜ್ಜಿಗೆ ಕೇಳಿಸಿತೇನೋ ಅಂತ ತಿರುಗಿ ನೋಡಿದ.

ಸಾಕಮ್ಮ ಅವನ ಮುಖವನ್ನೇ ನೋಡಿದರು. ಅವರಿಗೆ ಈ ಹುಡುಗನ ಮೇಲೆ ಇದ್ದಕ್ಕಿದ್ದ ಹಾಗೆ ತುಂಬ ಅಕ್ಕರೆ ಬಂತು. ತಮ್ಮ ಕೋಣೆಗೆ ಹೋದರು.

ಇಂದುಧರನಿಗೆ ಎಲ್ಲೋ ಮುಳ್ಳು ಮುರಿದ ಹಾಗಾಯಿತು. ಎಲ್ಲಿ ಅಂತ ಹೊಳೆಯಲಿಲ್ಲ. ಬುದ್ಧಿವಂತರ ಪಾಡೇ ಅಷ್ಟು, ಅಂಗೈ ಹುಣ್ಣಿಗೂ ಕನ್ನಡಿ ಹುಡುಕುತ್ತಾರೆ.

ಯುಗಾದಿ ಹತ್ತಿರ ಬಂತು. ಒಂದು ಮಧ್ಯಾಹ್ನ ನಿಂಗಜ್ಜಿ ಒಂದು ಲೋಟ ಕಾಫಿ ಅವನ ಕೈಗಿಟ್ಟರು. “ಮೇಡಮ್ಮನಿಗೆ ಕೊಡಪ್ಪಾ. ಅರ್ಧ ಲೋಟ ಮಾತ್ರ ಹಾಕಿವ್ನಿ. ತುಂಬ ಹಾಕಿದ್ರೆ ತುಳುಕಿಸ್ಕೋತಾರೆ.”

“ಯಾಕಜ್ಜಿ?”

“ಅಯ್ಯೋ, ಕೈ ನಡುಗ್ತದಲ್ಲ ಮಗ. ಕಂಡಿಲ್ವಾ ನೀನು?”

ಇಂದುಧರ ಕಂಡಿರಲಿಲ್ಲ. ದಿನಾ ಎದುರಿಗೆ ಕೂರುತ್ತಿದ್ದ. ಗುರು ಮಾತಾಡುವಾಗ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಳ್ಳುವುದು ನೋಡಿದ್ದ. ಅದು ಅವರ ರೂಢಿ ಅಂದುಕೊಂಡಿದ್ದ.

ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಸಾಕಮ್ಮ ಕಂಪ್ಯೂಟರಿನ ಮುಂದೆ ಕೂತಿದ್ದರು. ಏನೋ ಒಂದು ಕಡತ ತೆರೆಯಬೇಕಿತ್ತು. ಬಾಣ ಅದರ ಹತ್ತಿರ ಬರುತ್ತಿತ್ತು, ಅಷ್ಟರಲ್ಲಿ ಕೈ ಅದುರಿ ಎಲ್ಲಿಗೋ ಹಾರುತ್ತಿತ್ತು. ಇನ್ನೇನೋ ತೆರೆದುಕೊಳ್ಳುತ್ತಿತ್ತು. ಅದನ್ನು ಮುಚ್ಚಲು ಮತ್ತೆ ಅಷ್ಟೇ ಪಾಡು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಒತ್ತಿ ಹಿಡಿದುಕೊಂಡು ಇನ್ನೊಮ್ಮೆ ಹೊರಟರು. ಬೈಯಲಿಲ್ಲ, ಉಸ್ಸೆನ್ನಲಿಲ್ಲ.

ಆ ಕೈಕೆಳಗೆ ಇದ್ದದ್ದು ದಪ್ಪಗುಂಡಿಯ ಹಳೇ ಮೌಸು.

ಇಂದುಧರನ ಕೈಯಲ್ಲಿ ಕಾಫಿ ತುಳುಕಿತು.

“ಮೇಡಂ…”

“ಬಾರೋ. ಕಾಫಿ ತಂದ್ಯಾ?”

“ಈ ಮೌಸು… ಎಷ್ಟು ದಿನದಿಂದ ಹೀಗೆ?”

“ನೀನು ‘ತಡಿ’ ತೆಗೆದ ಮಾರನೇ ಬೆಳಗಿನಿಂದ.” ಸಾಕಮ್ಮ ನಕ್ಕರು. “ಯಾಕೆ ಹಾಕಿದ್ದೆ ಅಂತ ನೆನಪಿಲ್ಲ ಅಂದಿದ್ದೆನಲ್ಲ. ಮೌಸು ಹಿಡಿದ ಕೂಡಲೇ ನೆನಪಾಯ್ತು.”

ಅವನು ಲೋಟ ಕೆಳಗಿಟ್ಟು ಅಲ್ಲೇ ನೆಲದ ಮೇಲೆ ಕುಸಿದು ಕೂತ. ಕಣ್ಣಲ್ಲಿ ನೀರು ತುಂಬಿ ಏನೂ ಕಾಣದಾಯಿತು.

“ಯಾಕೆ ಹೇಳಲಿಲ್ಲ ಮೇಡಂ? ಒಂದು ಮಾತು ಹೇಳಿದ್ರೆ ಆಗಿಂದಾಗಲೇ ಸರಿಮಾಡ್ತಿದ್ದೆ!”

“ಹೇಳಿದರಲ್ಲಪ್ಪ. ಆ ಕೋಲಾರದ ಹುಡುಗಿ ಹೇಳಿದಳು. ಮತ್ತೆ ಮತ್ತೆ ಹೇಳಿದಳು.”

ಇಂದುಧರ ತಲೆ ತಗ್ಗಿಸಿದ. ಹೊಸ ಮೌಸು ಕೊಳ್ಳಿ ಅಂತ ತಾನು ಬರೆದದ್ದು ನೆನಪಾಯಿತು.

“ಅವರಪ್ಪನೂ ಇಷ್ಟು ದಿನ ಹೀಗೇ…”

“ಇಲ್ಲ ಕಣೋ. ಅವಳು ಮೊದಲ ಸಲ ಬರೆದಾಗಲೇ ನಾನು ಹಳೇ ಪ್ರತಿ ಕಳಿಸಿಕೊಟ್ಟೆ. ಆ ಯಜಮಾನರು ಅವತ್ತೇ ಕುದುರೆ ಓಡಿಸಿದರು. ನಿನ್ನ ತಪ್ಪಿಗೆ ಅವರಿಗ್ಯಾಕೆ ಶಿಕ್ಷೆ? ಹೊಸದನ್ನ ನನ್ನ ಕೈಗೆ ಮಾತ್ರ ಇಟ್ಕೊಂಡೆ.”

“ಹಾಗಾದ್ರೆ ಅವಳು ಮತ್ತೆ ಯಾಕೆ ಕಳಿಸಿದಳು?”

“ಕೊನೇ ಸಲ ಬರೆದದ್ದನ್ನ ಓದಲಿಲ್ಲವಾ ನೀನು?”

ಅವನು ಇಲ್ಲ ಅಂತ ತಲೆ ಅಲ್ಲಾಡಿಸಿದ.

“‘ನಮ್ಮಪ್ಪಂಗೆ ಸರಿಹೋಯ್ತು ಅಣ್ಣ, ಆದ್ರೆ ಇದೇ ಮೌಸು ಇಟ್ಕೊಂಡಿರೋ ಬೇರೆಯವರು ಏನ್ಮಾಡ್ತಾರೆ’ ಅಂತ ಕೇಳಿದ್ದಳು. ಅಪ್ಪನ ಕೆಲಸ ಆದ ಮೇಲೂ ಬಂದು ಬಾಗಿಲು ತಟ್ಟಿದಳು ಕಣೋ ಅವಳು. ನನ್ನ ಕೈಯೂ ನಡುಗುತ್ತೆ, ನಾನೂ ಇದೇ ಮೌಸು ಹಿಡೀತೀನಿ ಅಂತ ಅವಳಿಗೆ ಗೊತ್ತಾ?”

ಸಾಕಮ್ಮ ಎರಡೂ ಕೈಯಲ್ಲಿ ಲೋಟ ಹಿಡಿದು ಒಂದು ಗುಟುಕು ಕುಡಿದರು. ಇಂದುಧರ ಕಣ್ಣೊರೆಸಿಕೊಂಡು ಎದ್ದ.

“ಇರಿ ಮೇಡಂ. ಈಗಲೇ ಬರೆದುಬಿಡ್ತೀನಿ.”

“ಏನು ಬರೀತೀಯ?”

“ಆ ಸಾಲು.”

“ಬೇಡ. ಬರೆದು ಆಗಿದೆ.”

“ಸಲೋಮಿ ಬರೆದದ್ದಾ? ಅದು ಅಂಕುಡೊಂಕು ಮೇಡಂ…”

“ನೀನು ಮೊದಲು ಬಂದಾಗ ಬರೆದದ್ದು ಹೇಗಿತ್ತು, ತೋರಿಸಲಾ?”

“ಬೇಡ ಬೇಡ!”

“ಅದನ್ನ ಯಾರು ನೇರ ಮಾಡಿದ್ದು?”

“ನೀವು.”

“ಯಾರ ಹೆಸರಲ್ಲಿ ಸೇರಿಸಿದೆ?”

ಇಂದುಧರನ ಹೆಸರಲ್ಲೇ. ಅವತ್ತು ಕೈಗೂಡಿನಲ್ಲಿ ತನ್ನ ಹೆಸರು ಮೊದಲ ಸಲ ಕಂಡಾಗ, ಊರಿಗೆ ಫೋನು ಮಾಡಿ ಅಮ್ಮನಿಗೆ ಓದಿ ಹೇಳಿದ್ದ.

“ಇನ್ನೊಂದು ಕೇಳು” ಅಂದರು ಸಾಕಮ್ಮ. “ನಾನು ಎತ್ತಿನ ಜ್ವರಕ್ಕೆ ಎಲ್ಲ ಎಮ್ಮೆಗೂ ಬರೆ ಹಾಕಿದ್ದೆ. ನೀನು ಬರೆ ತಪ್ಪಿಸಿದೆ, ಒಪ್ಪುವ ಮಾತೇ. ಆದರೆ ಎತ್ತನ್ನ ಮರೆತೆ. ಎತ್ತಿಗೆ ಮದ್ದು ತಂದವಳು ಅವಳು. ಗುರುವಿಗಿಂತಲೂ ಚೆನ್ನಾಗಿ ಮಾಡಿದ್ದಾಳೆ, ಶಿಷ್ಯನಿಗಿಂತಲೂ ಚೆನ್ನಾಗಿ ಮಾಡಿದ್ದಾಳೆ. ಹೋಗು, ಬಾಗಿಲಲ್ಲಿ ನಿಲ್ಲಿಸಿದ್ದೀಯ, ಒಳಗೆ ಕರಿ.”

ಇಂದುಧರ ಆ ಮಧ್ಯಾಹ್ನವೆಲ್ಲ ಸಲೋಮಿ ಬರೆದದ್ದರ ಮುಂದೆ ಕೂತ. ಈ ಸಲ ಪೂರ್ತಿ ಓದಿದ. ಸೊಟ್ಟ ಸಾಲನ್ನು ನೆಟ್ಟಗೆ ಮಾಡಿದ, ಅವಳ ಹೆಸರನ್ನು ಮುಟ್ಟಲಿಲ್ಲ. ಕಾಯುವುದು ಯಾಕೆ ಅನ್ನುವ ಕಾರಣವನ್ನು ಪಕ್ಕದಲ್ಲೇ ಬರೆದ: ‘ಈ ಮೌಸಿಗೆ ಒಂದೊಂದೇ ಹೇಳಬೇಕು. ಅವಸರ ಮಾಡಿದರೆ ಮರೆತುಬಿಡುತ್ತದೆ. ಇದನ್ನು ನಂಬಿದ ಕೈಗಳಿವೆ.’

ಆಮೇಲೆ ಅವಳಿಗೆ ಬರೆದ. ಮುತ್ತು ಪೋಣಿಸಲು ಹೋಗಲಿಲ್ಲ. ‘ತಪ್ಪಾಯ್ತು ಸಲೋಮಿ. ಓದದೆ ವಾಪಸು ಕಳಿಸಿದೆ. ನೀವು ಬರೆದದ್ದು ಸರಿ’ ಅಂತ ಬರೆದ.

ಸಂಜೆಯೊಳಗೆ ಉತ್ತರ ಬಂತು. ‘ಪರವಾಗಿಲ್ಲ ಅಣ್ಣ. ಒಂದೇ ತೊಂದರೆ. ಅಪ್ಪ ಮೊದಲೆಲ್ಲ ಸೋತರೆ ಮೌಸಿನ ಮೇಲೆ ಹಾಕ್ತಿದ್ರು. ಈಗ ಯಾರ ಮೇಲೆ ಹಾಕೋದು ಅಂತ ಹುಡುಕ್ತಿದ್ದಾರೆ.’

ಇಂದುಧರ ಅದನ್ನು ಓದಿ ನಗುತ್ತಾ ಅತ್ತ. ನಿಂಗಜ್ಜಿ ಇಣುಕಿ ನೋಡಿ, ಹುಡುಗನಿಗೆ ಬಿಸಿಲು ನೆತ್ತಿಗೇರಿದೆ ಅಂದುಕೊಂಡು ಒಂದು ಲೋಟ ಮಜ್ಜಿಗೆ ತಂದುಕೊಟ್ಟರು.

ಸಾಕಮ್ಮ ಬೀಗದಕೈ ಹಾಕಿ ಸಲೋಮಿಯ ಸಾಲನ್ನು ಸೇರಿಸಿದರು. ಗುಟ್ಟಿನ ಪದ ಹೊಡೆಯಲು ಅವರ ಬೆರಳಿಗೆ ಬಹಳ ಹೊತ್ತು ಹಿಡಿಯಿತು. ಇಂದುಧರ ಪಕ್ಕದಲ್ಲೇ ನಿಂತಿದ್ದ, ಅವಸರ ಮಾಡಲಿಲ್ಲ.

ಹೊಸದನ್ನು ಹಾಕಿ ಮೌಸು ಹಿಡಿದರು. ಕೈ ನಡುಗುತ್ತಲೇ ಇತ್ತು. ಬಾಣ ಮಾತ್ರ ನಡುಗಲಿಲ್ಲ. ಮೆಲ್ಲಗೆ ನಡೆದು, ಹೋಗಬೇಕಾದ ಕಡೆ ಹೋಗಿ ನಿಂತಿತು. ಒಂದೇ ಸಲಕ್ಕೆ ಕಡತ ತೆರೆಯಿತು.

“ಅಬ್ಬ!” ಅಂದರು ಸಾಕಮ್ಮ. ಎಳೆ ಮಗುವಿನ ಹಾಗೆ ಇನ್ನೊಮ್ಮೆ ಮುಚ್ಚಿ ಇನ್ನೊಮ್ಮೆ ತೆರೆದರು.

ಇಂದುಧರ ಮುಖ ತಿರುಗಿಸಿಕೊಂಡು ಕಿಟಕಿಯ ಹೊರಗೆ ಹೊಳೆ ನೋಡಿದ.

ಯುಗಾದಿ ಕಳೆಯಿತು. ಬೇವುಬೆಲ್ಲ ತಿಂದ ಮಾರನೆಯ ಬೆಳಿಗ್ಗೆ ಸಾಕಮ್ಮ ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಶಿಷ್ಯನನ್ನು ಕರೆದರು. ಬಲಗೈ ಸೆರಗಿನ ಹೊರಗೇ ಇತ್ತು.

“ಬೀಗದಕೈ ತಗೊಳ್ಳೋ.”

ಇಂದುಧರ ಎರಡು ಹೆಜ್ಜೆ ಹಿಂದೆ ಸರಿದ. “ನನಗೆ ಬೇಡ ಮೇಡಂ.”

“ಇದೇನಿದು? ಕನಸಲ್ಲೂ ಕನವರಿಸ್ತಿದ್ದೆ ಅಂತ ನಿಂಗಜ್ಜಿ ಹೇಳ್ತಿದ್ದರು.”

“ಸಲೋಮಿಗೆ ಕೊಡಿ.”

“ಅವಳಿಗೂ ಕೊಡ್ತೀನಿ. ಕೇಳಿದ್ದೀನಿ, ಒಪ್ಪಿದ್ದಾಳೆ. ಒಬ್ಬರ ಹತ್ತಿರವೇ ಇದ್ದರೆ ಹೀಗೇ ಆಗೋದು. ಈಗ ನಿನ್ನ ಮಾತು ಹೇಳು.”

ಅವನು ಬಹಳ ಹೊತ್ತು ನೆಲ ನೋಡುತ್ತಾ ನಿಂತ. ಸಾಕಮ್ಮ ಕಾದರು.

“ಅವತ್ತು ನಾನು ಅತ್ತಿದ್ದು ನಿಮ್ಮ ಕೈ ನೋಡಿ ಮೇಡಂ” ಅಂದ ಕೊನೆಗೆ. “ಅವರಪ್ಪನ ಕೈ ನಡುಗುತ್ತೆ ಅಂತ ಅವಳು ಮೊದಲೇ ಬರೆದಿದ್ದಳು. ಓದಿದ್ದೆ. ನನಗೆ ಏನೂ ಅನ್ನಿಸಿರಲಿಲ್ಲ. ನಿಮ್ಮ ಕೈ ಅಲ್ಲದಿದ್ದರೆ ಇವತ್ತಿಗೂ ಅನ್ನಿಸುತ್ತಿರಲಿಲ್ಲವೇನೋ. ಇಂಥವನಿಗೆ ಬೀಗದಕೈ ಕೊಡ್ತೀರಾ? ನಾಳೆ ಇನ್ಯಾರೋ ಬರ್ತಾರೆ. ಬರವಣಿಗೆ ಸೊಟ್ಟ ಇರುತ್ತೆ. ನಾನು ಮತ್ತೆ ಬಾಗಿಲು ಹಾಕಿಬಿಟ್ಟರೆ?”

ಸಾಕಮ್ಮ ನಡುಗುವ ಕೈ ಚಾಚಿ ಅವನ ಕೈ ಹಿಡಿದುಕೊಂಡರು.

“ಬೀಗ ಹಾಕೋಕೆ ಬೀಗದಕೈ ಬೇಕಾಗಿಲ್ಲ ಮಗು, ಅದುಮಿದರೆ ಸಾಕು. ಅದು ಬೇಕಾಗೋದು ತೆಗೆಯೋದಕ್ಕೆ.”